ನನ್ನ ಹೆಂಡತಿಗೆ ಸ್ಕೀಯಿಂಗ್ ಏನೋ ಅಷ್ಟಿಷ್ಟು ಬರುತ್ತೆ

ನಮ್ಮ ಕಡೆಯ ಗಂಡಸರು ಹೆಂಡತಿಯನ್ನು ಎದುರಿಗೂ ಹೊಗಳುವುದಿಲ್ಲ, ಹಿಂದಿನಿಂದಲೂ ಹೊಗಳುವುದಿಲ್ಲ. ಪ್ರೀತಿ ಇಲ್ಲವೆಂದಲ್ಲ. ಸಾರು ಚೆನ್ನಾಗಿದ್ದರೆ ಇನ್ನೊಂದು ಸಲ ಬಡಿಸಿಕೊಳ್ಳುತ್ತೇವೆ, ಅದೇ ಹೊಗಳಿಕೆ. ಉಪ್ಪು ಕಡಿಮೆಯಾದರೆ ಮಾತ್ರ ಬಾಯಿ ಬಿಡುತ್ತೇವೆ. ಮನೆಗೆ ಬಂದವರು ಯಾರಾದರೂ 'ನಿಮ್ಮನೆಯವರು ತುಂಬಾ ಚೆನ್ನಾಗಿ ಹಾಡ್ತಾರಂತೆ' ಅಂದರೆ 'ಅಯ್ಯೋ, ಏನೋ ಅಷ್ಟಿಷ್ಟು' ಅನ್ನುತ್ತೇವೆ. ಇದರ ಅರ್ಥ 'ಹೌದು, ತುಂಬಾ ಚೆನ್ನಾಗಿ ಹಾಡುತ್ತಾಳೆ' ಎಂದು ಕೇಳಿದವರಿಗೂ ಗೊತ್ತು, ನಮಗೂ ಗೊತ್ತು, ಒಳಗೆ ಕಾಫಿ ಸೋಸುತ್ತಿರುವ ಹೆಂಡತಿಗೂ ಗೊತ್ತು. ಈ ವ್ಯವಸ್ಥೆ ನಮ್ಮ ಅಲ್ಲಾಳಸಂದ್ರದಲ್ಲಿ ಇದುವರೆಗೆ ಯಾವ ತಕರಾರೂ ಇಲ್ಲದೆ ನಡೆದುಕೊಂಡು ಬಂದಿತ್ತು. ತಕರಾರು ಬಂದದ್ದು ಜಾರ್ಜಿಯಾದಲ್ಲಿ.

ಜಾರ್ಜಿಯಾ ಎಂದರೆ ಅಮೆರಿಕದಲ್ಲಿರುವುದಲ್ಲ, ರಷ್ಯಾದ ಕೆಳಗಿರುವ ಪುಟ್ಟ ದೇಶ. ಅದರ ಸಹವಾಸಕ್ಕೆ ನಾವು ಬಿದ್ದದ್ದು ನನ್ನ ಹೆಂಡತಿ ವಸುಧಾಳಿಂದ. ಅವಳು ಯಶವಂತಪುರದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಕೆಲವು ವರ್ಷಗಳ ಹಿಂದೆ ಬ್ಯಾಂಕಿನ ಗೆಳತಿಯರ ಜೊತೆ ಕಾಶ್ಮೀರಕ್ಕೆ ಹೋದಳು. ಉಳಿದವರೆಲ್ಲ ಶಾಲು, ಅಕ್ರೋಟು ತಂದರೆ ಇವಳು ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಚಟ ತಂದಳು. ಅಂದಿನಿಂದ ಚಳಿಗಾಲ ಬಂತೆಂದರೆ ರಜೆ ಹಾಕಿ ಅಲ್ಲಿಗೆ ಹೋಗಲೇಬೇಕು. ಸಾಮಾನು ಕಾಯುವವನಾಗಿ ನಾನೂ ಹೋಗುತ್ತೇನೆ. ಒಂದು ಸಲ ನಾನೂ ಹಲಗೆ ಕಟ್ಟಿಕೊಂಡು ನೋಡಿದೆ. ಮಕ್ಕಳು ಕಲಿಯುವ ಇಳಿಜಾರಿನಲ್ಲಿ, ಇಳಿಜಾರು ಶುರುವಾಗುವ ಮೊದಲೇ ಬಿದ್ದೆ. ಎಬ್ಬಿಸಲು ಬಂದವರನ್ನೂ ಬೀಳಿಸಿದೆ. ಆಮೇಲೆ ನನ್ನ ಜಾಗ ಕೆಳಗಿನ ಟೀ ಅಂಗಡಿ ಎಂದು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡೆವು.

ಈ ವರ್ಷ ಅವಳ ಮಂಡಿ ನೋಯಲು ಶುರುವಾಯಿತು. ಆರ್.ಟಿ. ನಗರದ ಮೂಳೆ ಡಾಕ್ಟರು ಮಂಡಿ ಮಡಚಿ, ಬಿಡಿಸಿ, 'ಇನ್ನೊಂದೆರಡು ಚಳಿಗಾಲ ಆಡ್ಕೊಳ್ಳಿ ಮೇಡಂ, ಆಮೇಲೆ ವಾಕಿಂಗ್ ಸಾಕು' ಅಂದರು. ಅಲ್ಲಿಂದ ಮನೆಗೆ ಬರುವವರೆಗೆ ಅವಳು ಕಾರಿನ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ನಾನು ಗೇಟು ತೆಗೆಯಲು ಇಳಿದಾಗ, 'ಒಂದೇ ಒಂದು ಸಲ ಪೌಡರ್‌ನಲ್ಲಿ ಸ್ಕೀ ಮಾಡ್ಬೇಕು ರೀ, ಮಂಡಿ ಹೋಗೋದ್ರೊಳಗೆ' ಅಂದಳು. ವಸುಧಾ ಸಾಮಾನ್ಯವಾಗಿ ಏನನ್ನೂ ಕೇಳುವವಳಲ್ಲ, ತಾನೇ ಕೊಂಡು ತಂದು ಆಮೇಲೆ ತಿಳಿಸುವವಳು. ಅವಳು ಕೇಳಿದ್ದು ನೋಡಿ ನನಗೆ ಸಂಕಟವಾಯಿತು. ಗೇಟು ಹಿಡಿದುಕೊಂಡೇ 'ಆಯ್ತು, ನಾನು ನೋಡ್ತೀನಿ' ಅಂದುಬಿಟ್ಟೆ.

ಪೌಡರ್ ಎಂದರೆ ಏನೆಂದು ನನಗೂ ಆಮೇಲೆ ಗೊತ್ತಾಯಿತು. ಹೊಸದಾಗಿ ಬಿದ್ದ, ಯಾರೂ ತುಳಿಯದ, ಒಣ ಹಿಮ. ಮಿಲ್ಲಿನಿಂದ ಆಗತಾನೆ ಬಂದ ಅಕ್ಕಿ ಹಿಟ್ಟಿನ ಹಾಗಿರುತ್ತದಂತೆ. ಅದರಲ್ಲಿ ಮಂಡಿಯವರೆಗೆ, ಕೆಲವು ಕಡೆ ಸೊಂಟದವರೆಗೆ ಮುಳುಗಿ ತೇಲಿಕೊಂಡು ಇಳಿಯುವುದೇ ಸ್ವರ್ಗ ಎಂದು ಬಲ್ಲವರು ಹೇಳುತ್ತಾರೆ. ಅಂಥ ಹಿಮ ಜನ ಓಡಾಡುವ ಕಡೆ ಉಳಿಯುವುದಿಲ್ಲ, ಕೇಬಲ್ ಕಾರು ಹೋಗದ ಬೆಟ್ಟಗಳ ಮೇಲೆ ಸಿಗುತ್ತದೆ. ಅಲ್ಲಿಗೆ ಕರೆದೊಯ್ಯಲು ಸ್ನೋಕ್ಯಾಟ್ ಎಂಬ ಗಾಡಿ ಇದೆ. ಚಕ್ರದ ಬದಲು ಯುದ್ಧದ ಟ್ಯಾಂಕಿಗಿರುವಂಥ ಪಟ್ಟಿ, ಹಿಂದೆ ಹತ್ತು ಹನ್ನೆರಡು ಜನ ಕೂರುವ ಕ್ಯಾಬಿನ್. ಗೈಡು ಜೊತೆಗಿರುತ್ತಾನೆ. ಗಾಡಿ ಬೆಟ್ಟ ಹತ್ತಿಸಿ ಇಳಿಸುತ್ತದೆ, ಜನ ಜಾರಿಕೊಂಡು ಕೆಳಗೆ ಬರುತ್ತಾರೆ, ಗಾಡಿ ಕೆಳಗೆ ಬಂದು ಮತ್ತೆ ಹತ್ತಿಸಿಕೊಳ್ಳುತ್ತದೆ. ಇಡೀ ದಿನ ಇದೇ ಕೆಲಸ. ಇದಕ್ಕೆ ಇಷ್ಟು ದೂರ ಹೋಗಬೇಕೇ ಎಂದು ನನಗೆ ಅನ್ನಿಸಿತ್ತು, ಆದರೆ ಗೇಟಿನ ಹತ್ತಿರ ಮಾತು ಕೊಟ್ಟಾಗಿತ್ತು.

ಇಲ್ಲಿ ನನ್ನ ವೃತ್ತಿಯ ವಿಷಯ ಹೇಳಬೇಕು. ನಾನು ಹೆಬ್ಬಾಳದ ಒಂದು ಆಫೀಸಿನ ಖರೀದಿ ವಿಭಾಗದಲ್ಲಿದ್ದೇನೆ. ಮೂರು ಕೊಟೇಶನ್ ಇಲ್ಲದೆ ನಾನು ಗುಂಡುಸೂಜಿಯನ್ನೂ ಕೊಳ್ಳುವುದಿಲ್ಲ. ಈ ಅಭ್ಯಾಸ ಮನೆಗೂ ಬಂದಿದೆ. ಮಿಕ್ಸಿ ಕೆಟ್ಟಾಗ ನಾನು ಹೊಸದನ್ನು ಆರಿಸಿ ಮುಗಿಸುವಷ್ಟರಲ್ಲಿ ವಸುಧಾ ರುಬ್ಬುವ ಕಲ್ಲಿನಲ್ಲಿ ಚಟ್ನಿ ಮಾಡಿ ಮಾಡಿ ಅದೇ ಹೆಚ್ಚು ರುಚಿ ಅಂದುಕೊಂಡಿದ್ದಳು. ಹಿಮದ ಪ್ರವಾಸಕ್ಕೂ ಮೂರು ಕೊಟೇಶನ್ ತರಿಸಿದೆ, ಒಂದು ಜಪಾನಿನಿಂದ, ಒಂದು ಕೆನಡಾದಿಂದ, ಒಂದು ಜಾರ್ಜಿಯಾದಿಂದ. ಹೋಲಿಕೆ ಮಾಡಲು ಕೂತೆ. ವಸುಧಾ ಕೇಳಿದ್ದು ಎರಡೇ ವಿಷಯ, ಹಿಮ ಎಷ್ಟು ಆಳ, ಗೈಡು ಎಂಥವನು. ನಾನು ಕೇಳಿದ್ದು ಕ್ಯಾಬಿನ್ನಿನಲ್ಲಿ ಹೀಟರು ಇದೆಯೇ, ಕಿಟಕಿ ಸೀಟು ಮೊದಲೇ ಹೇಳಿದರೆ ಕೊಡುತ್ತಾರೆಯೇ, ಅನ್ನ ಸಿಗುತ್ತದೆಯೇ, ಸಿಗದಿದ್ದರೆ ನಮ್ಮ ಕುಕ್ಕರ್ ತರಬಹುದೇ. ಕೆನಡಾದವರು ಕುಕ್ಕರ್ ಎಂದರೇನು ಎಂದು ಕೇಳಿದರು, ಚಿತ್ರ ಕಳಿಸಿದೆ, ಆಮೇಲೆ ಉತ್ತರ ಬರಲಿಲ್ಲ. ಜಪಾನಿನವರು ಎಲ್ಲಕ್ಕೂ ವಿನಯದಿಂದ ಉತ್ತರಿಸುತ್ತಾ ಹೋದರು, ಕೊನೆಗೆ ಅಷ್ಟೇ ವಿನಯದಿಂದ ಸೀಟುಗಳು ಮುಗಿದವು ಎಂದರು. ಉಳಿದದ್ದು ಜಾರ್ಜಿಯಾ. ಅಲ್ಲಿ ಒಂದು ವಾರದ ತಂಡದಲ್ಲಿ ಎರಡು ಸೀಟು ಖಾಲಿ ಇದ್ದವು, ಗೈಡು ಲೆವಾನ್ ಎಂಬಾತ ಫೋನಿನಲ್ಲಿ ಮಾತಾಡಿಯೇ ಜನರನ್ನು ಸೇರಿಸಿಕೊಳ್ಳುವವನು.

ಅವನ ಫೋನು ಬಂದಾಗ ನಾನು ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತಿದ್ದೆ. ನಿಂತಿದ್ದೆ ಎಂದರೆ ಕಾರು ಚಾಲೂ ಇತ್ತು, ಮುಂದಿನವರು ಹೋಗುತ್ತಿರಲಿಲ್ಲ. ನಿಧಾನವಾದ ಇಂಗ್ಲಿಷಿನಲ್ಲಿ ಲೆವಾನ್ ನೇರ ವಿಷಯಕ್ಕೆ ಬಂದ. ನಿಮ್ಮ ಹೆಂಡತಿ ಎಷ್ಟು ಚೆನ್ನಾಗಿ ಸ್ಕೀ ಮಾಡುತ್ತಾರೆ ಎಂದು ಕೇಳಿದ. ನನ್ನ ಬಾಯಿಗೆ ಅಭ್ಯಾಸದ ಉತ್ತರ ತಾನಾಗಿಯೇ ಬಂತು. 'ಏನೋ ಅಷ್ಟಿಷ್ಟು, ಸುಮ್ಮನೆ ಹವ್ಯಾಸ' ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಕೊನೆಗೆ ಸಣ್ಣಗೆ ನಕ್ಕೂಬಿಟ್ಟೆ. ಮತ್ತೆ ನೀವು ಹೇಗೆ ಎಂದು ಕೇಳಿದ. ಬೆಂಗಳೂರಿನಲ್ಲಿ ಒಂದು ಕೆಲಸ ಬರುವುದಿಲ್ಲವೆಂದು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. 'ನೋ ಪ್ರಾಬ್ಲಂ, ಐ ವಿಲ್ ಮ್ಯಾನೇಜ್' ಅಂದೆ. ಬೆಟ್ಟದ ಮೇಲೆ ಹೇಗೆ ಎಂದ. ಎಲ್ಲ ಕಡೆಯೂ ಎಂದೆ. ಅವನು ಥ್ಯಾಂಕ್ಸ್ ಹೇಳಿ ಫೋನಿಟ್ಟ. ಕೆಲಸ ಸಲೀಸಾಗಿ ಆಯಿತೆಂದು ಖುಷಿಯಾಗಿ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಅವನ ಮೆಸೇಜು ಬಂತು. ಸಾರಾಂಶ ಇಷ್ಟು: ಯಾವ ಜಾಗದಲ್ಲಾದರೂ ಸ್ಕೀ ಮಾಡಬಲ್ಲ ನಿಮಗೆ ಸ್ವಾಗತ, ಸೀಟು ಕೊಟ್ಟಿದ್ದೇನೆ. ನಿಮ್ಮ ಹೆಂಡತಿ ಇನ್ನೂ ಕಲಿಯುವ ಹಂತದಲ್ಲಿರುವುದರಿಂದ ಅವರನ್ನು ಆಳವಾದ ಹಿಮಕ್ಕೆ ಕರೆದೊಯ್ಯಲಾರೆ. ಅವರು ಹೋಟೆಲಿನ ಬಳಿ ಮಕ್ಕಳ ಇಳಿಜಾರಿನಲ್ಲಿ ಅಭ್ಯಾಸ ಮಾಡಬಹುದು.

ವಸುಧಾ ಅದನ್ನು ಓದಿ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಅವಳ ತವರು ಹಾವೇರಿ ಕಡೆ. ಮದುವೆಯಾದ ಮೇಲೆ ಬೆಂಗಳೂರಿನ ಮಾತೇ ಆಡುತ್ತಾಳೆ, ಸಿಟ್ಟು ಬಂದಾಗ ಮಾತ್ರ ಮಾತು ತವರಿಗೆ ಹೋಗುತ್ತದೆ. 'ನನಗ ಏನೂ ಬರಂಗಿಲ್ಲ ಅಂತ ಹೇಳೀರೇನು?' ಅಂದಳು. ಹಾಗಲ್ಲ, ನಾವು ಹೇಳುವ ಹಾಗೆ ಹೇಳಿದೆ, ಆ ಮನುಷ್ಯ ಅದನ್ನೇ ನಿಜ ಅಂದುಕೊಂಡ ಎಂದು ವಿವರಿಸಿದೆ. 'ನೀವ ಕೆಡಿಸೀರಿ, ನೀವ ಸರಿ ಮಾಡ್ರಿ. ನನ್ನ ನಾನ ಹೊಗಳ್ಕೊಳ್ಳಾಕ ನಂಗ ಆಗಂಗಿಲ್ಲ' ಎಂದು ಬ್ಯಾಂಕಿಗೆ ಹೊರಟಳು. ತನ್ನ ಊಟದ ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದಳು. ಅವಳು ಹಾಗೆ ಮರೆಯುವವಳಲ್ಲ. ಅವಳು ಜೀವನದಲ್ಲಿ ಕೇಳಿದ್ದು ಒಂದು, ಅದನ್ನು ನಾನು ಫ್ಲೈಓವರ್ ಮೇಲೆ ನಗುನಗುತ್ತಾ ಕಳೆದಿದ್ದೆ.

ತಪ್ಪು ನನ್ನೊಬ್ಬನದಲ್ಲ, ವಂಶದ್ದು. ನಾನು ಹೆಣ್ಣು ನೋಡಲು ಹೋದ ದಿನ ನಮ್ಮ ಮಾವನವರು 'ಹುಡುಗಿ ಹಾಡು ಅಂಥಾ ಹೇಳ್ಕೊಳ್ಳುವಂಥಾದ್ದೇನಲ್ಲ ಬಿಡ್ರಿ' ಅಂದರು. ಆಮೇಲೆ ಅವಳು ಹಾಡಿದ್ದು ಕೇಳಿ ನಮ್ಮಮ್ಮ ಉಪ್ಪಿಟ್ಟು ತಿನ್ನುವುದನ್ನೇ ನಿಲ್ಲಿಸಿದ್ದರು. ಅದಕ್ಕೆ ಸರಿಯಾಗಿ ನಮ್ಮಪ್ಪನೂ 'ನಮ್ಮ ಹುಡುಗನೂ ಏನು ಅಂಥಾ ಚುರುಕಲ್ಲ' ಅಂದರು. ಮಾವನವರು ಅದನ್ನು ವಿನಯ ಅಂದುಕೊಂಡರು. ಅಪ್ಪ ನಿಜ ಹೇಳಿದ್ದರು.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ನಯಾಜ್ ಅಹ್ಮದ್‌ಗೆ ವಿಷಯ ಹೇಳಿದೆ. ಹೆಂಡತಿಯನ್ನು ಒಬ್ಬ ಅಪರಿಚಿತನ ಮುಂದೆ, ಅದೂ ಅವಳೇ ಕೇಳಿಸಿಕೊಳ್ಳುವಾಗ ಹೊಗಳುವುದು ಹೇಗೆ ಎಂದೆ. 'ಅದಕ್ಯಾಕೆ ಟೆನ್ಶನ್ ಗುರು. ಕನ್ನಡದಲ್ಲಿ ಹೊಗಳಿದ್ರೆ ತಾನೇ ನಾಚ್ಕೆ? ಇಂಗ್ಲಿಷಲ್ಲಿ ಹೊಗಳು. ನಾನು ಮನೇಲಿ ಹೊಗಳೋದೆಲ್ಲ ಇಂಗ್ಲಿಷಲ್ಲೇ. ಉರ್ದುನಲ್ಲಿ ಹೇಳಿದ್ರೆ, ಈಗ ಏನ್ ಬೇಕಿತ್ತು ಅಂತ ಕೇಳ್ತಾಳೆ' ಅಂದ. ಊಟದ ಹೊತ್ತಿನಲ್ಲಿ ಅವನೇ ಲೆವಾನ್ ಆಗಿ ಪ್ರಶ್ನೆ ಕೇಳಿದ, ನಾನು ಹೊಗಳುವ ಅಭ್ಯಾಸ ಮಾಡಿದೆ. ಕ್ಯಾಂಟೀನಿನಲ್ಲಿ ಹತ್ತಿರ ಕೂತಿದ್ದವರು ನಾನು ನಯಾಜನ ಬಗ್ಗೆ ಹೇಳುತ್ತಿದ್ದೇನೆ ಅಂದುಕೊಂಡು ಎದ್ದು ಬೇರೆ ಕಡೆ ಹೋದರು.

ಸಂಜೆ ಇಬ್ಬರೂ ಊಟದ ಮೇಜಿನ ಮುಂದೆ ಕೂತು ಲೆವಾನ್‌ಗೆ ವಿಡಿಯೊ ಕರೆ ಮಾಡಿದೆವು. ವಸುಧಾ ನನ್ನನ್ನು ನೋಡದೆ ಬೀನ್ಸ್ ಮುರಿಯುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ನನ್ನ ಹೆಂಡತಿ ಬಹಳ ಚೆನ್ನಾಗಿ ಸ್ಕೀ ಮಾಡುತ್ತಾಳೆ ಅಂದೆ. ನಿನ್ನೆ ಹಾಗೆ ಹೇಳಲಿಲ್ಲವಲ್ಲ ಎಂದ. ನಿನ್ನೆ ನಾನು ಗಂಡನಾಗಿ ಮಾತಾಡಿದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ವಿಡಿಯೊ ಇದೆಯೇ ಎಂದ. ಇಲ್ಲ ಎಂದೆ. ಹಾಗಾದರೆ ಅವರು ಇಳಿದದ್ದನ್ನು ನೀವು ಒಂದು ಸಲ ನೋಡಿದ ಹಾಗೆ ಹೇಳಿ, ಕೇಳಿ ತೀರ್ಮಾನಿಸುತ್ತೇನೆ ಎಂದ.

ಕ್ಯಾಂಟೀನಿನಲ್ಲಿ ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಮಾತ್ರ ನೆನಪಿಗೆ ಬಂತು, ಅದನ್ನೇ ಹೇಳಿದೆ. ಹಿಂದಿನ ದಿನವೆಲ್ಲ ಹಿಮ ಬಿದ್ದಿತ್ತು. ಎಲ್ಲರೂ ಯಂತ್ರ ಓಡಿಸಿ ಸಮ ಮಾಡಿದ ದಾರಿಯಲ್ಲಿ ಇಳಿಯುತ್ತಿದ್ದರೆ ಇವಳೊಬ್ಬಳು ಪಕ್ಕದ ರಾಶಿ ಹಿಮಕ್ಕೆ ಹೊಕ್ಕಳು. ಮಂಡಿಯವರೆಗೆ ಹೂತಿದ್ದಳು, ಆದರೂ ಒಮ್ಮೆಯೂ ಕಾಲಿನ ಕಡೆ ನೋಡಲಿಲ್ಲ. ಹಿಂದಕ್ಕೆ ವಾಲಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಒಂದೇ ಲಯದಲ್ಲಿ ತಿರುಗುತ್ತಾ ಬಂದಳು. ಅರ್ಧದಲ್ಲಿ ಯಾರೋ ಬಿದ್ದಿದ್ದರು, ಅವರಿಗಿಂತ ಸ್ವಲ್ಪ ಮೇಲಿನ ಇಳಿಜಾರಿನಲ್ಲಿ ನಿಂತು, ಕೈ ನೀಡಿ ಎಬ್ಬಿಸಿ, ಕಳಚಿಹೋಗಿದ್ದ ಅವರ ಹಲಗೆಯನ್ನು ಹುಡುಕಿಕೊಟ್ಟು, ಅಲ್ಲಿಂದಲೇ ಮತ್ತೆ ಅದೇ ಲಯ ಹಿಡಿದು ಕೆಳಗೆ ಬಂದಳು. ಟೋಪಿ ತುಂಬಾ ಹಿಮ, ಮುಖ ತುಂಬಾ ನಗು. ಆ ನಗುವನ್ನು ನಾನು ಮನೆಯಲ್ಲಿ ನೋಡಿಲ್ಲ. ನನಗೆ ಆ ದಿನ ಬಹಳ ಹೆಮ್ಮೆಯಾಗಿತ್ತು ಎಂದೂ ಹೇಳಿದೆ. ಇಂಗ್ಲಿಷಿನಲ್ಲಿ ಶುರುಮಾಡಿದ್ದೆ, ಕೊನೆಯ ಮಾತು ಕನ್ನಡದಲ್ಲಿ ಬಂದಿತ್ತು.

ಬೀನ್ಸ್ ಮುರಿಯುವ ಸದ್ದು ನಿಂತಿತ್ತು. 'ಇದನ್ನ ಆವತ್ತು ಹೇಳ್ಲಿಲ್ಲ ನೀವು. ಟೀ ಆರೋಯ್ತು, ಬೇಗ ಬಾ ಅಂದ್ರಿ' ಅಂದಳು. ಮಾತು ಬೆಂಗಳೂರಿಗೆ ವಾಪಸು ಬಂದಿತ್ತು.

ಲೆವಾನ್ ತಲೆದೂಗಿದ. ಹೀಗೆ ಇಳಿಯುವವರನ್ನು ಕರೆದೊಯ್ಯಲು ತನಗೆ ಸಂತೋಷ, ಸೀಟು ಕೊಟ್ಟಿದ್ದೇನೆ ಎಂದ. ವಸುಧಾ ಬೀನ್ಸಿನ ತಟ್ಟೆಯನ್ನು ಪಕ್ಕಕ್ಕಿಟ್ಟು ಕಣ್ಣೊರೆಸಿಕೊಂಡಳು. ಇಷ್ಟಕ್ಕೆ ಕರೆ ಮುಗಿಸಬಹುದಿತ್ತು. ಆದರೆ ಅವನು, ಇಷ್ಟು ವಿವರವಾಗಿ ನೋಡಿದ್ದೀರಲ್ಲ, ಆಗ ನೀವು ಎಲ್ಲಿದ್ದಿರಿ ಎಂದು ನನ್ನನ್ನು ಕೇಳಿದ. ಟೀ ಅಂಗಡಿಯಲ್ಲಿ ಎಂದೆ. ಸ್ಕೀ ಮುಗಿಸಿ ಬಂದು ಕೂತಿದ್ದಿರಾ ಎಂದ. ಬೆಳಿಗ್ಗೆಯಿಂದಲೇ ಎಂದೆ.

ಅವನ ಮುಖ ಗಂಭೀರವಾಯಿತು. ಆಳದ ಹಿಮ ಕೆಲವೊಮ್ಮೆ ಕುಸಿಯುತ್ತದೆ, ಅದಕ್ಕೇ ಪ್ರತಿಯೊಬ್ಬರ ಬೆನ್ನಿಗೂ ಒಂದು ಸಲಿಕೆ ಇರುತ್ತದೆ, ಒಬ್ಬರು ಹೂತರೆ ಜೋಡಿಯವರು ಮೊದಲು ಅಗೆಯಬೇಕು, ತಡವಾದರೆ ಉಪಯೋಗವಿಲ್ಲ ಎಂದು ವಿವರಿಸಿದ. ಆಮೇಲೆ ನನ್ನನ್ನು ಬಿಟ್ಟು ವಸುಧಾಳ ಕಡೆ ತಿರುಗಿ, ನಿಮ್ಮ ಜೋಡಿಯಾಗಿ ಇವರು ಆಗಬಹುದೇ ಎಂದು ಕೇಳಿದ. ನಾನು ಅವಳ ಕಡೆ ನೋಡಿದೆ. ಹೊರಗಿನವರ ಮುಂದೆ ಗಂಡನನ್ನು ಬಿಟ್ಟುಕೊಡುವವಳಲ್ಲ ಎಂಬ ಧೈರ್ಯ ನನಗಿತ್ತು. ಅವಳು ನಿಧಾನವಾಗಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

'ಬೇಡ' ಎಂದಳು. 'ನಾನು ಒಳಗೆ ಹೂತಿರ್ತೀನಿ, ಇವರು ಮೇಲೆ ನಿಂತು ಯಾವ ಸಲಿಕೆ ಒಳ್ಳೇದು ಅಂತ ನೋಡ್ತಿರ್ತಾರೆ.' ಅದನ್ನೇ ಇಂಗ್ಲಿಷಿನಲ್ಲಿ ಅವನಿಗೂ ಹೇಳಿದಳು. ಲೆವಾನ್ ನಕ್ಕ, ಅವಳೂ ನಕ್ಕಳು. ಡಾಕ್ಟರಿಗೆ ಮಂಡಿ ತೋರಿಸಿ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು, ಆದ್ದರಿಂದ ನಾನೂ ನಕ್ಕೆ.

ನನಗೊಂದು ದಾರಿ ಲೆವಾನನೇ ಹುಡುಕಿದ. ಸ್ನೋಕ್ಯಾಟಿನಲ್ಲಿ ಡ್ರೈವರ್ ಪಕ್ಕ ಒಂದು ಸೀಟಿದೆಯಂತೆ. ಎಲ್ಲರ ಊಟದ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಹತ್ತುವಾಗಲೂ ಇಳಿಯುವಾಗಲೂ ಸುಮ್ಮನೆ ಕೂತಿರಬೇಕು, ಯಾವ ಗುಂಡಿಯನ್ನೂ ಮುಟ್ಟಬಾರದು, ಅಷ್ಟು ಮಾಡುತ್ತೀರಾ ಎಂದು ಕೇಳಿದ. ಖಂಡಿತ ಮಾಡುತ್ತೇನೆ ಎಂದೆ. ಅವನು ನನ್ನ ಮಾತು ಕೇಳಿಸಿಕೊಂಡು, ನಿಜವೇ ಎಂಬಂತೆ ವಸುಧಾಳ ಮುಖ ನೋಡಿದ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಇಷ್ಟಾದರೆ ಆಗಬಹುದು ಎಂಬಂತೆ ತಲೆಯಾಡಿಸಿದಳು.