ನಾಗಲಿಂಗಮ್ಮನ ಮನಿ ಮಂದಿ

ನಾಗಲಿಂಗಮ್ಮನಿಗೆ ಲೈಸನ್ಸ್ ಎಂಬ ಶನಿ ಗಂಟುಬಿದ್ದದ್ದು ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ. "ಅಕ್ಕಾ, ನಿನ್ನ ಹಪ್ಪಳ ಭಾಳ ಚಲೋ ಅದಾವ. ಆದ್ರ ಲೈಸನ್ಸ್ ಇಲ್ದ ಮಾಲು ಇನ್ನ ಇಡಂಗಿಲ್ಲ," ಎಂದು ಅಂಗಡಿಯ ಬಾಷಾ ಕೈಮುಗಿದುಬಿಟ್ಟ. ಪಾಕೀಟಿನ ಮೇಲೆ ತನ್ನ ಹೆಸರು ಹಾಕಿಸಿ, ಅದನ್ನು ಅದೇ ಅಂಗಡಿಯಲ್ಲಿ ತೂಗುಹಾಕಿಸಬೇಕೆಂಬುದು ಅವಳ ಬಹುದಿನದ ಆಸೆ. ಯಾಕಾಗಬಾರದು? ಅವಳ ಉದ್ದಿನ ಹಪ್ಪಳ ಎಣ್ಣೆಗೆ ಬಿದ್ದರೆ ಆಚೆ ಓಣಿಯವರ ಬಾಯಲ್ಲೂ ನೀರೂರುತ್ತಿತ್ತು. ಅರ್ಜಿ ಹಾಕಿಯೇಬಿಟ್ಟಳು.

ಲೈಸನ್ಸ್ ಕೊಡುವ ಸಾಹೇಬರು ಮನೆ ನೋಡಲು ಬರುವ ದಿನವೇ ಹಪ್ಪಳದ ಸರದಿ ಅವಳ ಮನೆಯದಾಗಿತ್ತು. ಆ ಓಣಿಯಲ್ಲಿ ಒಬ್ಬರೇ ಕೂತು ಹಪ್ಪಳ ಲಟ್ಟಿಸುವ ಪದ್ಧತಿಯೇ ಇಲ್ಲ. ಇವತ್ತು ನನ್ನ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾನು. ಕೂಲಿ ಗೀಲಿ ಏನಿಲ್ಲ, ಎಲ್ಲ ಮುಯ್ಯಿ. ಓಣಿಯ ಹೆಂಗಸರೆಲ್ಲ ಮಣೆ, ಲಟ್ಟಣಿಗೆ ಹಿಡಿದು ಬಂದು ಪಡಸಾಲೆ ತುಂಬ ಕೂತರು.

ಎದುರುಮನೆಯ ಕರಿಸಿದ್ದಪ್ಪ ಓಡಿ ಬಂದ. ತನಗೆ ತಿಳಿಯದ ಕಾನೂನೇ ಇಲ್ಲ ಎನ್ನುವ ಆಸಾಮಿ. "ಏನವಾ ಇದು ಸಂತಿ! ಹೊರಗಿನ ಆಳು ಕಂಡ್ರ ಸಾಹೇಬ ಫ್ಯಾಕ್ಟರಿ ಅಂತ ಬರಕೊಂಡು ಹೋಗ್ತಾನ, ಲೈಸನ್ಸ್ ಸಿಗಂಗಿಲ್ಲ. ಎಲ್ರೂ ನಮ್ಮ ಮನಿ ಮಂದಿ ಅಂತ ಹೇಳು!"

ನಿಜವಾಗಿ ಆ ಮನೆಯಲ್ಲಿದ್ದವರು ಅವಳು, ಗಂಡ ಬೆನಕಪ್ಪ ಇಬ್ಬರೇ.

ಸಾಹೇಬರು ಬಂದರು. ಗೋಡೆ ಮುಟ್ಟಿದರು, ನೀರಿನ ಹಂಡೆ ಇಣುಕಿದರು. "ಇವರೆಲ್ಲ ಯಾರಮ್ಮ?"

"ನಮ್ಮ ಮನಿಯವ್ರು ರೀ. ಇವರು ದೊಡ್ಡವ್ವ."

"ನಿಮ್ಮ ಹೆಸರೇನಜ್ಜಿ?"

"ಖಾಸಿಂ ಬೀ," ಎಂದಳು ಮುದುಕಿ, ಕೈಯ ಹಪ್ಪಳ ಬಿಡದೆ.

ಸಾಹೇಬರ ಹುಬ್ಬು ಮೇಲೇರಿತು. ನಾಗಲಿಂಗಮ್ಮ ಎದೆ ಸೆಟೆಸಿ ನಿಂತಳು. "ಹೌದ್ರಿ, ದೊಡ್ಡವ್ವನ! ನನ್ನ ಬಾಣಂತನ ಮಾಡಿದಾಕಿ ಈಕಿ. ದೊಡ್ಡವ್ವ ಅಲ್ದ ಮತ್ತೇನ್ರಿ?"

"ನಾನು ಹಿರೀ ಸೊಸಿ ರೀ," ಎಂದಳು ಭರಮಮ್ಮ.

"ಹಿರೀಕಿ ನಾನು! ಈಕಿ ಮೊನ್ನೆ ಬಂದಾಕಿ," ಎಂದು ಪಕ್ಕೀರಮ್ಮ ಲಟ್ಟಣಿಗೆ ಎತ್ತಿದಳು.

ಆ ಹೊತ್ತಿಗೇ ಬೆನಕಪ್ಪ ಒಳಗೆ ಬರಬೇಕೆ? "ಅಬಬಬ! ಇಡೀ ಓಣಿ ನಮ್ಮ ಮನ್ಯಾಗ..." ಎನ್ನುವಷ್ಟರಲ್ಲಿ ಕರಿಸಿದ್ದಪ್ಪ ಅವನ ತೋಳು ಜಿಗುಟಿದ. "ಹಾಂ... ಅಂದ್ರ ನಮ್ಮ ಮಂದೀನ ರೀ. ಎಲ್ರೂ ಇಲ್ಲೇ ಉಣ್ತಾರ, ಇಲ್ಲೇ ಮಲಗ್ತಾರ!"

ಸಾಹೇಬರು ಪೆನ್ನು ಮುಚ್ಚಿದರು. "ಹಪ್ಪಳ ಒಳ್ಳೇದಿದೆ, ಮನೇನೂ ಚೊಕ್ಕಟವಾಗಿದೆ. ಆದ್ರೆ ಮಾಲು ಮಾಡೋ ಕಡೆ ಜನ ಮಲಗೋ ಹಾಗಿಲ್ಲ, ರೂಲ್ಸು. ಎರಡು ಖೋಲಿ ಮನೇಲಿ ಇಷ್ಟು ಜನ ಇದ್ರೆ ಲೈಸನ್ಸ್ ಆಗಲ್ಲಮ್ಮ. ನೀವು ಗಂಡ ಹೆಂಡತಿ ಇಬ್ಬರೇ ಇದ್ದು, ಉಳಿದವರು ಓಣಿಯವರಾಗಿದ್ದಿದ್ರೆ ಈಗ್ಲೇ ಕೊಡ್ತಿದ್ದೆ."

ಲಟ್ಟಣಿಗೆಗಳೆಲ್ಲ ನಿಂತವು. ಕರಿಸಿದ್ದಪ್ಪ ಜಂತಿ ಎಣಿಸತೊಡಗಿದ. ಇವರು ಓಣಿಯವರು ಎಂದು ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು. ನಾಗಲಿಂಗಮ್ಮ ಬಾಯಿ ತೆರೆದಳು. ಖಾಸಿಂ ಬೀ ಅವಳನ್ನೇ ನೋಡುತ್ತಿದ್ದಳು. ನಾಗಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹಂಗಾದ್ರ ಲೈಸನ್ಸ್ ಬ್ಯಾಡ್ರಿ ಸಾಹೇಬ್ರ. ಇವರು ನಮ್ಮವರ."

ಸಾಹೇಬರು ಚಪ್ಪಲಿ ಮೆಟ್ಟಲು ಹೋದರು. ಖಾಸಿಂ ಬೀ ಅವರ ರಟ್ಟೆ ಹಿಡಿದಳು. "ಉಣ್ಣದಂಗ ಹೋಗ್ತೀಯೇನೋ ಮಗಾ? ನೀನೂ ನಮ್ಮ ಮನಿ ಹುಡುಗನ. ಕೂಡು!"

ಸಾಹೇಬರು ಕೂತರು. ರೊಟ್ಟಿ ಮುಗಿಸಿ ಮೂರನೇ ಹಪ್ಪಳಕ್ಕೆ ಕೈ ಹಾಕಿದಾಗ ಕರಿಸಿದ್ದಪ್ಪ ತಲೆ ಚಚ್ಚಿಕೊಂಡ.

"ಮುಗೀತು ಬಿಡವಾ ನಾಗಲಿಂಗಮ್ಮ. ಮನಿಯಾಗ ಇನ್ನೊಬ್ಬ ಹೆಚ್ಚಾದ!"