ಬಾನೆಟ್ ಮೇಲಿನ ಪ್ರಸಾದ

ಶ್ರಾವಣ ಶನಿವಾರ ಬೆಳಿಗ್ಗೆ ಏಳಕ್ಕೆ ಮಟನ್ ಅಂಗಡಿಯ ಹಿಂಬಾಗಿಲಲ್ಲಿ ನಿಲ್ಲುವ ಗತಿ ಕೋದಂಡರಾಮಪ್ಪನಿಗೆ ಬಂದದ್ದು ಒಂದು ಗ್ರಂಥಿಯಿಂದ. ಅವನು ಕೋಲಾರದ ಕಾಲೇಜೊಂದರಲ್ಲಿ ಲ್ಯಾಬ್ ಅಟೆಂಡರ್. ಊರು ಶ್ರೀನಿವಾಸಪುರದಲ್ಲಿ ಭಜನೆ ಮಂಡಳಿಯ ಮುಖಂಡ. ಶ್ರಾವಣದಲ್ಲಿ ಮಾಂಸದ ವಾಸನೆಯೂ ಪಾಪವೆಂದು ಬೀದಿಗೆಲ್ಲ ಬುದ್ಧಿ ಹೇಳಿದವನು ಅವನೇ.

ಪ್ರಾಣಿಶಾಸ್ತ್ರದ ರಜನಿ ಮೇಡಂ ಹಿಂದಿನ ದಿನ ಕಡ್ಡಿ ಮುರಿದಂತೆ ಹೇಳಿದ್ದರು: "ನಾಳೆ ಪ್ರದರ್ಶನಕ್ಕೆ ಕುರಿಯ ಮೇದೋಜೀರಕ ಗ್ರಂಥಿ ಬೇಕು. ಸತ್ತ ಮೇಲೆ ಅದು ತನ್ನ ರಸದಲ್ಲೇ ತಾನು ಕರಗುತ್ತೆ. ಬಿಸಿ ತಗುಲಿದ್ರೆ ಇನ್ನೂ ಬೇಗ. ಐಸಲ್ಲಿಟ್ಟು ತನ್ನಿ. ಕೆಡಿಸಿದ್ರೆ ಲ್ಯಾಬ್ ಕಡೆ ಬರಲೇಬೇಡಿ."

ಅಂಗಡಿಯ ಆಂಜಿ ಬಿದ್ದು ಬಿದ್ದು ನಕ್ಕ. "ಹೊಟ್ಟೆ ಹಿಂದಿನ ಆ ತುಂಡಾ ಸ್ವಾಮಿ? ಅದನ್ನ ನಾಯಿಗೆ ಹಾಕ್ತೀವಿ. ಒಳ್ಳೇ ತೊಡೆ ತಗೊಳ್ಳಿ, ಯಾರಿಗೂ ಹೇಳಲ್ಲ!"

ಐಸು ತುಂಬಿದ ಸ್ಟೀಲ್ ಡಬ್ಬಿಯೊಂದಿಗೆ ಬಸ್ ಹತ್ತಿದರೆ ಮುಂದಿನ ಸೀಟಿನಲ್ಲೇ ಭಜನೆಯ ಶ್ಯಾಮಲಮ್ಮ. ಅವರ ಮಗಳು ಓದುವುದೂ ಅದೇ ಕಾಲೇಜಿನಲ್ಲಿ. ಪ್ರದರ್ಶನ ನೋಡಲು ಹೊರಟಿದ್ದರು.

"ಏನಣ್ಣಾ ಅದು, ಸೀಟಿನ ಕೆಳಗೆ ಬಚ್ಚಿಡ್ತಿದ್ದೀರಾ?"

ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾಚಿಕೆ ಬಿಡಲಿಲ್ಲ. "ಪ್ರಸಾದ ಕಣಮ್ಮಾ," ಎಂದುಬಿಟ್ಟ.

"ಅಯ್ಯೋ ದೇವುಡಾ! ಪ್ರಸಾದಾನ ಕಾಲ ಹತ್ರ ಇಡ್ತಾರಾ?"

ಶ್ಯಾಮಲಮ್ಮ ಡಬ್ಬಿ ಕಿತ್ತುಕೊಂಡು, ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ, ತಿಮ್ಮಪ್ಪನ ಪಟದ ಕೆಳಗೆ ಇಟ್ಟು ಕೈ ಮುಗಿದರು. ಡ್ರೈವರ್ ಒಂದು ಚೆಂಡುಹೂವು ಏರಿಸಿದ.

"ಅಲ್ಲಿ ಬಿಸಿ ಕಣಮ್ಮಾ..."

"ಬೆಚ್ಚಗಿರ್ಲಿ ಬಿಡಿ. ಮುಟ್ಬೇಡಿ!"

ಟೊಮೆಟೊ ಲಾರಿಗಳ ಸಾಲಿಗೆ ಸಿಕ್ಕಿ ಬಸ್ಸು ಕೋಲಾರ ಮುಟ್ಟಲು ಎರಡು ಗಂಟೆ ಹಿಡಿಯಿತು. ದೇವರ ಮುಖ ನೋಡಲಾಗದೆ ಕೋದಂಡರಾಮಪ್ಪ ಅಷ್ಟೂ ಹೊತ್ತು ತಲೆ ತಗ್ಗಿಸಿಯೇ ಕೂತ.

ಮೇಡಂ ಮುಚ್ಚಳ ತೆಗೆದರೆ ಐಸು ಬಿಸಿನೀರಾಗಿತ್ತು, ಗ್ರಂಥಿ ಅಂಬಲಿಯಾಗಿತ್ತು. ಕೆಲಸ ಹೋಯಿತೆಂದು ಅವನು ಅಳುತ್ತ ಎಲ್ಲವನ್ನೂ ಒಪ್ಪಿಕೊಂಡ. ಮೇಡಂ ಮುಖ ಅರಳಿತು.

"ಗ್ರಂಥಿ ತನ್ನನ್ನೇ ತಾನು ಕರಗಿಸಿಕೊಳ್ಳುತ್ತೆ ಅಂತ ಮಕ್ಕಳಿಗೆ ಬರೀ ಬಾಯಲ್ಲೇ ಹೇಳ್ತಿದ್ದೆ. ಬಿಸಿಗೆ ಹೀಗೆ ಕರಗಿದ್ದನ್ನ ತೋರಿಸೋಕೆ ನಮ್ಮಲ್ಲಿ ಇರಲೇ ಇಲ್ಲ ರೀ! ಭೇಷ್!"

ಮಧ್ಯಾಹ್ನ ಡಬ್ಬಿ ಹೂವಿನ ಸಮೇತ ಪ್ರದರ್ಶನದ ಮೇಜಿನ ಮೇಲಿತ್ತು. ಮುಂದೆ ಚೀಟಿ: 'ಕುರಿಯ ಗ್ರಂಥಿ. ಆಂಜಿ ಮಟನ್ ಅಂಗಡಿ, ಶನಿವಾರ ಬೆಳಿಗ್ಗೆ ಏಳು. ಬಾನೆಟ್ ಮೇಲೆ ಎರಡು ಗಂಟೆ. ತಂದವರು: ಕೋದಂಡರಾಮಪ್ಪ.'

ಶ್ಯಾಮಲಮ್ಮ ಚೀಟಿಯನ್ನು ಎರಡು ಸಲ ಓದಿದರು. "ಅಣ್ಣಾ, ನಾನು ಕೈ ಮುಗಿದಿದ್ದು ಇದಕ್ಕಾ?"

ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಷ್ಟರಲ್ಲಿ ರಜನಿ ಮೇಡಂ ಓಡಿಬಂದರು.

"ಬಾನೆಟ್ ಮೇಲೆ ಇಟ್ಟವರು ನೀವೇನಾ ಅಮ್ಮಾ? ಪ್ರಯೋಗ ಅಂದ್ಮೇಲೆ ಒಂದು ಸಲ ಮಾಡಿದ್ರೆ ಸಾಲಲ್ಲ. ಮುಂದಿನ ಶನಿವಾರಾನೂ ಇವರು ತರ್ತಾರೆ, ನೀವು ಅದೇ ದೇವರ ಕೆಳಗೆ ಇಟ್ಟುಬಿಡಿ!"