ವಿರ್ಪಿಗೊಂದು ಹಲಗೆ

ಎಲ್ಲ ಶುರುವಾದದ್ದು ಅರ್ಧ ಚಮಚ ಹಾಲಿನಿಂದ.

ಶನಿವಾರ ಬೆಳಿಗ್ಗೆ ಇಲ್ಪೊ ಹೆಂಡತಿಯ ಕಾಫಿಗೆ ಹಾಲು ಬೆರೆಸಿ, ಲೋಟವನ್ನು ಅವಳ ಮುಂದಿಟ್ಟು, ಎರಡನೇ ತಟ್ಟೆ ಓಟ್ಸ್ ಗಂಜಿಗೆ ಕೈ ಹಾಕಿದ. ಪಿಹ್ಲಾವಾರ ಎಂಬ ಊರಿನ ಶಾಲೆಯಲ್ಲಿ ಬಾಯ್ಲರು, ಬೀಗ, ಒಡೆದ ಕಿಟಕಿ ನೋಡಿಕೊಳ್ಳುವ ಈ ಮನುಷ್ಯನಿಗೆ ಎರಡು ತಟ್ಟೆ ಗಂಜಿ ಇಳಿಯದೆ ದಿನ ಶುರುವಾಗುವುದಿಲ್ಲ. ವಿರ್ಪಿ ಲೋಟದೊಳಗೆ ಇಣುಕಿದಳು.

"ಇದೇನಿದು?"

"ಕಾಫಿ."

"ಹಾಲು ಯಾಕೆ ಹಾಕ್ದೆ? ಕ್ರಿಸ್‌ಮಸ್‌ನಿಂದ ನಾನು ಹಾಲು ಬಿಟ್ಟಿದೀನಿ. ಈಗ ಮಾರ್ಚು."

ಆಗ ಇಲ್ಪೊ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಹದಿನೆಂಟು ವರ್ಷ ಸಂಸಾರ ಮಾಡಿದೀನಿ. ಈ ಹಾಲೊಂದು ಬಿಟ್ರೆ ನಿನ್ನ ವಿಷಯದಲ್ಲಿ ನಂಗೆ ಗೊತ್ತಿಲ್ದೇ ಇರೋದು ಒಂದೂ ಇಲ್ಲ" ಎಂದುಬಿಟ್ಟ.

"ಹೌದಾ?" ಎಂದಳು ವಿರ್ಪಿ. ತುಂಬಾ ಮೆತ್ತಗೆ ಎಂದಳು. ಮದುವೆಯಾದ ಗಂಡಸರು ಯಾರಾದರೂ ಈ ಥರದ 'ಹೌದಾ' ಕೇಳಿದರೆ ಚಪ್ಪಲಿ ಹುಡುಕಿಕೊಳ್ಳುತ್ತಾರೆ. ಇಲ್ಪೊ ಗಂಜಿ ತಿನ್ನುತ್ತಲೇ ಇದ್ದ.

ಅವತ್ತು ಮಧ್ಯಾಹ್ನ ಎರಡಕ್ಕೆ ಊರ ಹಿಂದಿನ ಗುಡ್ಡದಲ್ಲಿ ಹೆಂಗಸರ ಸ್ನೋಬೋರ್ಡ್ ಪಂದ್ಯ. ಗುಡ್ಡದ ಒಂದು ಮಗ್ಗುಲಿಗೆ ಹಿಮದ ದಿಬ್ಬ, ಕಬ್ಬಿಣದ ಕಂಬಿ ನೆಟ್ಟು ಪಾರ್ಕ್ ಮಾಡಿದ್ದಾರೆ. ಹಲಗೆಯ ಮೇಲೆ ನಿಂತು ಜಾರಿ ಬಂದು, ಕಂಬಿಯ ಮೇಲೆ ಹಾರಿ, ಅದರ ಉದ್ದಕ್ಕೂ ಜಾರಿ, ತಿರುಗಿ ನೆಲಕ್ಕಿಳಿಯಬೇಕು. ನಲವತ್ತಮೂರರ ವಿರ್ಪಿಗೆ ಎರಡು ಚಳಿಗಾಲದಿಂದ ಇದೇ ಹುಚ್ಚು. ಆದರೆ ಅವಳ ಹಲಗೆ ಅಕ್ಕನ ಮಗ ಬಿಟ್ಟುಹೋದದ್ದು. ಉದ್ದ, ಬಿರುಸು, ಗಂಡಸರದ್ದು. ಅದನ್ನು ಕಂಬಿಯ ಮೇಲೆ ತಿರುಗಿಸುವುದೆಂದರೆ ಅಡುಗೆಮನೆಯಲ್ಲಿ ಏಣಿ ಹಿಡಿದು ತಿರುಗಿದ ಹಾಗೆ.

"ಸರಿ. ನಂಗೊಂದು ಹಲಗೆ ಆರಿಸ್ಕೊಂಡು ಬಾ" ಎಂದಳು ವಿರ್ಪಿ. "ನನ್ನ ಒಂದು ಮಾತೂ ಕೇಳೋ ಹಾಗಿಲ್ಲ. ನಂಗೆ ಸರಿಯಾಗಿ ಒಪ್ಪಿದ್ರೆ ಇನ್ಮೇಲೆ ಭಾನುವಾರ ಪೂರ್ತಿ ನಿಂದು. ಸರೋವರದ ಮೇಲೆ ತೂತು ಕೊರ್ಕೊಂಡು ಮೀನು ಹಿಡೀತಾ ಕೂತ್ಕೋ, ನಾನು ಕರೆಯೋದೂ ಇಲ್ಲ. ಒಪ್ಪದೇ ಹೋದ್ರೆ ಭಾನುವಾರ ನಂದು. ಚಿಕ್ಕ ಮಕ್ಕಳ ಗುಂಪಲ್ಲಿ ನೀನೂ ಹಲಗೆ ಕಲೀಬೇಕು."

ಭಾನುವಾರ! ಹಿಮಗಟ್ಟಿದ ಸರೋವರ, ಮಡಚುವ ಕುರ್ಚಿ, ಯಾರೂ ಮಾತಾಡಿಸದ ಆರು ಗಂಟೆ. ಇಲ್ಪೊನ ಕಣ್ಣು ಮಿನುಗಿತು. ಗಂಜಿ ತಟ್ಟೆ ಬಳಿದು ಎದ್ದ.

ಸ್ನೋಬೋರ್ಡ್ ಅಂಗಡಿ ಮಧ್ಯಾಹ್ನ ಒಂದಕ್ಕೆ ಮುಚ್ಚುತ್ತದೆ. ಅಂಗಡಿಯ ಒಡತಿ ರೀಕ್ಕ ಪಂದ್ಯದ ಮುಖ್ಯ ಉಸ್ತುವಾರಿಯೂ ಹೌದು.

"ಪಾರ್ಕ್‌ಗೆ ಅಂದ್ರೆ ಗಿಡ್ಡ ಇರ್ಬೇಕು, ಮೆದು ಇರ್ಬೇಕು, ಎರಡೂ ತುದಿ ಒಂದೇ ಥರ ಇರ್ಬೇಕು" ಎಂದಳು ರೀಕ್ಕ. "ಹೆಂಗಸರ ಹಲಗೆಗೆ ನಡು ಕಿರಿದು. ಸಣ್ಣ ಪಾದ ಅಂಚಿಗೆ ಎಟುಕ್ಬೇಕಲ್ಲ. ಬೂಟು ಎಷ್ಟನೇ ನಂಬರ್ರು?"

"ಮೂವತ್ತೆಂಟು!" ದಿನಾ ಸಂಜೆ ಆ ಬೂಟನ್ನು ಒಲೆಯ ಪಕ್ಕ ಒಣಗಿಸುವವನು ಅವನೇ.

"ಭೇಷ್. ತೂಕ ಎಷ್ಟು? ಅದರ ಮೇಲೆ ಉದ್ದ ನಿರ್ಧಾರ ಆಗುತ್ತೆ."

ಇಲ್ಪೊ ಗೋಡೆಯ ಮೇಲಿನ ಹಲಗೆಗಳನ್ನು ಎಣಿಸತೊಡಗಿದ.

"ಯಾವ ಕಾಲು ಮುಂದಿಟ್ಟು ಜಾರ್ತಾಳೆ? ಬೂಟು ಬಿಗಿಯೋ ಕಾಲುಪಟ್ಟಿ ಅದಕ್ಕೆ ಸರಿಯಾಗಿ ಕೂರಿಸ್ಬೇಕು."

ಎರಡು ಚಳಿಗಾಲದಲ್ಲಿ ಒಂದು ದಿನವಾದರೂ ಗುಡ್ಡಕ್ಕೆ ಹೋಗಿ ನೋಡಿದ್ದರೆ ಗೊತ್ತಿರುತ್ತಿತ್ತು. ಅವನು ಮೀನು ನೋಡುತ್ತಿದ್ದ.

"ನಿಂಗೆ ಗೊತ್ತಿರುತ್ತಲ್ಲ ರೀಕ್ಕ, ನೀನೇ ಹೇಳ್ಬಿಡು."

"ಹೇಳೋ ಹಾಗಿಲ್ಲ. ಆಗ್ಲೇ ನಿಮ್ಮನೆಯಿಂದ ಫೋನ್ ಬಂದಾಯ್ತು." ರೀಕ್ಕ ಪೆನ್ಸಿಲ್ ಎತ್ತಿಕೊಂಡಳು. "ಅಂದ ಹಾಗೆ, ನಿನ್ನ ತೂಕ ಎಷ್ಟು?"

"ನಂದ್ಯಾಕೆ?"

"ಸುಮ್ನೆ."

"ಎಂಬತ್ತೆರಡು" ಎಂದ ಇಲ್ಪೊ, ಹೊಟ್ಟೆ ಒಳಗೆಳೆದುಕೊಂಡು. ರೀಕ್ಕ ಬರೆದುಕೊಂಡು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದಳು.

ಪಿಹ್ಲಾವಾರದಲ್ಲಿ ಯಾರಿಗೆ ಏನೇ ತಿಳಿಯಬೇಕಾದರೂ ಹೋಗುವುದು ಪೆಟ್ರೋಲ್ ಬಂಕಿನ ಕಾಫಿ ಮೇಜಿಗೆ. ಅಲ್ಲಿ ಬೆಳಿಗ್ಗೆಯಿಂದ ಕೂತಿರುವ ಇಬ್ಬರು ಹಿರಿಯರು ಮೂಗು ತೂರಿಸದ ಸಂಸಾರ ಊರಲ್ಲಿಲ್ಲ. ಒಬ್ಬ ಎಸ್ಕೊ, ನಲವತ್ತು ವರ್ಷ ದನದ ಮೇವಿನ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಇನ್ನೊಬ್ಬ ತೌನೊ, ನಿವೃತ್ತ ಬಸ್ ಡ್ರೈವರ್.

"ವಿರ್ಪಿ ತೂಕ ತಾನೆ? ನಾನೇ ತೂಗಿದೀನಲ್ಲೋ ತಮ್ಮಾ!" ಎಂದ ಎಸ್ಕೊ. "ಎಂಟು ವರ್ಷದ ಹಿಂದೆ, ಹೆಂಡತಿ ಹೊತ್ತು ಓಡೋ ಪಂದ್ಯದಲ್ಲಿ ನೀನು ಗೆದ್ದೆಯಲ್ಲ. ಹೆಂಡತಿ ತೂಕದಷ್ಟು ಬಿಯರ್ ಬಹುಮಾನ. ಅರವತ್ತೇಳು ಕಿಲೋ. ನಾನು ಮರೆಯೋ ಗಿರಾಕಿ ಅಲ್ಲ."

"ಅದ್ರಲ್ಲಿ ಬಾಣಲೆ ಸೇರಿತ್ತು" ಎಂದ ತೌನೊ.

"ಯಾವ ಬಾಣಲೆ?"

ಇಲ್ಪೊನ ಕಿವಿ ಕೆಂಪಾಯಿತು. ನಾಲ್ಕು ಬಾಟಲಿ ಜಾಸ್ತಿ ಸಿಗಲಿ ಎಂದು ವಿರ್ಪಿ ಆವತ್ತು ಅಮ್ಮನ ಎರಕದ ಬಾಣಲೆಯನ್ನು ಸ್ವೆಟರ್ ಒಳಗೆ ಕಟ್ಟಿಕೊಂಡಿದ್ದಳು. "ನಾಲ್ಕು ಕಿಲೋ" ಎಂದು ಒಪ್ಪಿಕೊಂಡ.

"ನನ್ನ ತಕ್ಕಡಿ ಮೇಲೆ ಬಾಣಲೆ!" ಎಸ್ಕೊ ಕರವಸ್ತ್ರಕ್ಕೆ ತಡಕಾಡಿದ. "ಎಂಟು ವರ್ಷ ಒಬ್ರೂ ಹೇಳ್ಲಿಲ್ಲ!"

"ಅಳೋದು ಆಮೇಲೆ" ಎಂದ ತೌನೊ. "ಅಲ್ಲಿಗೆ ಅರವತ್ಮೂರು. ಆದ್ರೆ ಅದು ಹಳೇ ಲೆಕ್ಕ. ಈಚೆಗೆ ಯಾವಾಗಾದ್ರೂ ಹೊತ್ತಿದೀಯೇನೋ ಅವಳನ್ನ?"

"ಹೋದ ವಾರ. ಸೌನಾದಲ್ಲಿ ಹಬೆಸ್ನಾನ ಮುಗಿಸ್ಕೊಂಡು ಬರ್ತಾ ಅವಳ ಚಪ್ಪಲಿ ಹಿಮದಲ್ಲಿ ಹೂತು ಹೋಯ್ತು. ಮನೆವರೆಗೂ ಹೊತ್ಕೊಂಡು ಬಂದೆ."

"ಹಾಗಾದ್ರೆ ನಿನ್ನ ಬೆನ್ನಿಗೆ ಗೊತ್ತು ಬಿಡು!"

ಬಂಕಿನ ಅಂಗಡಿಯಿಂದ ಹಕ್ಕಿಕಾಳಿನ ಎರಡು ಮೂಟೆ ಬಂದವು, ಒಂದೊಂದು ಇಪ್ಪತ್ತೈದು ಕಿಲೋ. ಅವನ್ನು ಟಾರ್ಪಾಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ಪಂದ್ಯದಲ್ಲಿ ಹೆಂಡತಿಯನ್ನು ತಲೆಕೆಳಗಾಗಿ ಹೊರುವ ಹಾಗೇ ಇಲ್ಪೊನ ಬೆನ್ನಿಗೆ ನೇತುಹಾಕಿದರು. ಇಲ್ಪೊ ಪಂಪಿನ ಸುತ್ತ ಒಂದು ಸುತ್ತು ಓಡಿ ಬಂದ.

"ಇದಲ್ಲ. ಇವಳು ಸಣ್ಣ."

ಎಸ್ಕೊ ಕಿಲೋ ಸಕ್ಕರೆಯ ಹತ್ತು ಪೊಟ್ಟಣ ತುರುಕಿದ. ಇನ್ನೊಂದು ಸುತ್ತು. "ಹತ್ರ ಬಂತು. ಆದ್ರೂ ನಡುವಲ್ಲಿ ಏನೋ ಕಮ್ಮಿ." ಪೆಟ್ರೋಲ್ ಹಾಕಿಸಲು ಬಂದವರು ಕಾರಿನಿಂದಿಳಿದು ನಿಂತರು. ಇನ್ನೆರಡು ಪೊಟ್ಟಣ. ಮತ್ತೂ ಒಂದು. ಇಲ್ಪೊ ಅರ್ಧ ಸುತ್ತು ಓಡಿ, ಗಕ್ಕನೆ ನಿಂತು, ಮುಖ ಅರಳಿಸಿಕೊಂಡು ಕೂಗಿದ: "ಇದೇ! ಇದೇ ನನ್ನ ವಿರ್ಪಿ!"

"ಐವತ್ತು, ಹದಿಮೂರು... ಅರವತ್ಮೂರು!" ತೌನೊ ತೊಡೆ ತಟ್ಟಿದ. ಗುರುತಿಲ್ಲದವರೂ ಚಪ್ಪಾಳೆ ತಟ್ಟಿದರು.

ಅದೇ ಹೊತ್ತಿಗೆ ಬನ್ನು ಕೊಳ್ಳಲು ಬಂದಿದ್ದ ಅತ್ತೆ ಹೆಲ್ಲೆವಿ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಕಣ್ಣೆದುರಿಗೆ ಅಳಿಯ, ಅವನ ಬೆನ್ನ ಮೇಲೆ ಟಾರ್ಪಾಲಿನ ಉದ್ದನೆ ಗಂಟು, ಅವನ ಬಾಯಲ್ಲಿ ಮಗಳ ಹೆಸರು.

"ಏನೋ ಮಾಡ್ದೆ ನನ್ನ ಮಗಳನ್ನ?"

"ಹಕ್ಕಿಕಾಳು ಅತ್ತೆ, ಬರೀ ಹಕ್ಕಿಕಾಳು!" ಇಲ್ಪೊ ಗಂಟನ್ನು ಕೆಳಗಿಳಿಸಿದ. ಹೆಲ್ಲೆವಿ ನಂಬದೆ ಬಗ್ಗಿ ಹಗ್ಗ ಬಿಚ್ಚತೊಡಗಿದಳು.

ತೌನೊ ಇಲ್ಪೊನ ಕಿವಿಯಲ್ಲಿ ಪಿಸುಗುಟ್ಟಿದ. "ಕಾಲು ಗೊತ್ತಾಗ್ಬೇಕಲ್ವಾ? ಹಿಂದಿನಿಂದ ತಳ್ಳಿದಾಗ ಯಾವ ಕಾಲು ಮೊದ್ಲು ಮುಂದೆ ಬರುತ್ತೋ ಅದೇ ಮುಂಗಾಲು. ತಾಯಿ ಕಾಲೇ ಮಗಳಿಗೆ ಬಂದಿರುತ್ತೆ. ಹೂಂ, ತಳ್ಳು."

ಹೊತ್ತು ಹನ್ನೆರಡೂವರೆ ದಾಟಿತ್ತು. ವಿವೇಕ ಇದ್ದವನು ತಳ್ಳುತ್ತಿರಲಿಲ್ಲ. ಇಲ್ಪೊ ತಳ್ಳಿದ.

"ಎಡಗಾಲು!" ಎಂದು ಬಂಕಿಗೆ ಬಂಕೇ ಕೂಗಿತು. ಹೆಲ್ಲೆವಿ ಹಿಮದ ಗುಡ್ಡೆಯಿಂದ ತಲೆ ಎತ್ತುವಷ್ಟರಲ್ಲಿ ಅಳಿಯ ಅಂಗಡಿಯ ಕಡೆ ಕಾಲಿಗೆ ಬುದ್ಧಿ ಹೇಳಿದ್ದ.

ಅರವತ್ಮೂರು ಕಿಲೋಗೆ ಒಪ್ಪುವ ಎರಡು ಹಲಗೆ ರೀಕ್ಕ ಗೋಡೆಗೆ ಒರಗಿಸಿದಳು. ಒಂದರ ತುಂಬ ನೇರಳೆ ಹೂವು, ನೋಡಿದರೆ ಮುದ್ದು ಬರಬೇಕು. ಇನ್ನೊಂದರ ಮೇಲೆ ಹಲ್ಲು ಕಿಸಿದ ಪೈಕ್ ಮೀನಿನ ಮೂತಿ. ಇಲ್ಪೊ ಎರಡನ್ನೂ ನೆಲಕ್ಕಿಟ್ಟು ಒತ್ತಿ ನೋಡಿದ. ಹೂವಿನದು ಬಗ್ಗಲಿಲ್ಲ, ಮೀನಿನದು ಬಳುಕಿತು.

"ಹೂವಿಂದು ಜೋರಾಗಿ ಕೆಳಗಿಳಿಯೋರಿಗೆ" ಎಂದಳು ರೀಕ್ಕ. "ಆದ್ರೆ ಗಂಡಂದಿರೆಲ್ಲ ಅದನ್ನೇ ಒಯ್ತಾರೆ."

"ವಿರ್ಪಿಗೆ ಹೂವಿನ ಚಿತ್ರ ಕಂಡ್ರೆ ಆಗಲ್ಲ. ಈ ಮೂತಿ ನೋಡಿದ್ರೆ ಅವಳು ಬಿದ್ದು ಬಿದ್ದು ನಗ್ತಾಳೆ. ಮೀನಿಂದೇ ಕೊಡು. ಎಡಗಾಲು ಮುಂದೆ."

ರೀಕ್ಕ ಸ್ಕ್ರೂ ಡ್ರೈವರ್ ಎತ್ತಿಕೊಂಡಳು. ಆಗ ಇಲ್ಪೊನ ಕಣ್ಣು ಕಿಟಕಿಯಾಚೆ ಹೋಯಿತು. ಹೆಲ್ಲೆವಿ ಬರುತ್ತಿದ್ದಳು. ಕುರ್ಚಿಗೆ ಎರಡು ಉದ್ದನೆ ಕಬ್ಬಿಣದ ಪಟ್ಟಿ ಜೋಡಿಸಿದ ತನ್ನ ಜಾರುಬಂಡಿಯ ಹಿಂದೆ ನಿಂತು, ಎಡಗಾಲನ್ನು ಪಟ್ಟಿಯ ಮೇಲೆ ಊರಿ, ಬಲಗಾಲಲ್ಲಿ ಹಿಮವನ್ನು ಒದೆಯುತ್ತ, ಸಿಡಿಲಿನಂತೆ ಬರುತ್ತಿದ್ದಳು.

ಎಡಗಾಲು ಊರಿ, ಬಲಗಾಲಲ್ಲಿ ಒದ್ದು...

ಇಲ್ಪೊಗೆ ತನ್ನ ಮನೆಯ ಅಡುಗೆಮನೆ ಕಿಟಕಿ ನೆನಪಾಯಿತು. ಹದಿನೆಂಟು ಚಳಿಗಾಲ ಆ ಕಿಟಕಿಯಲ್ಲಿ ನಿಂತು, ವಿರ್ಪಿ ಇಂಥದೇ ಬಂಡಿಯಲ್ಲಿ ಅಂಗಡಿಗೆ ಹೋಗುವುದನ್ನು ನೋಡಿದ್ದ. ಅವಳು ತಿರುವಿನಲ್ಲಿ ಮರೆಯಾಗುವ ತನಕ ಕಾಫಿ ಕುಡಿಯುತ್ತಿರಲಿಲ್ಲ. ಅವಳು ಒದೆಯುವುದು ಎಡಗಾಲಲ್ಲಿ, ಮುಂದೆ ಊರುವುದು ಬಲಗಾಲು! ಬಲಗಡೆ ಪಟ್ಟಿಯ ಮೇಲೆ ಕಾಲೂರುವ ರಬ್ಬರೇ ಯಾವಾಗಲೂ ಸವೆಯುವುದು, ಹೋದ ಶರತ್ಕಾಲದಲ್ಲಿ ಅದನ್ನು ಬದಲಿಸಿದವನು ಅವನೇ.

"ನಿಲ್ಸು!" ಎಂದು ಕಿರುಚಿದ. "ಬಲಗಾಲು! ಬಲಗಾಲು ಮುಂದೆ!"

"ಮತ್ತಿನ್ನೇನು?" ಬಾಗಿಲು ದೂಡಿ ಒಳಬಂದ ಹೆಲ್ಲೆವಿ ಬನ್ನಿನ ಚೀಲದಿಂದ ಅವನ ತಲೆಗೊಂದು ಬಿಟ್ಟಳು. "ಅವಳು ಅವಳಪ್ಪನ ಕಾಲು ಇಟ್ಕೊಂಡು ಹುಟ್ಟಿದೋಳು. ಕೇಳಿದ್ರೆ ಹೇಳ್ತಿರ್ಲಿಲ್ವಾ ನಾನು? ಅದಕ್ಕೆ ತಳ್ಳಬೇಕಿತ್ತಾ?"

ಎರಡು ಗಂಟೆಗೆ ಊರೆಲ್ಲ ಗುಡ್ಡದ ಬುಡದಲ್ಲಿತ್ತು. ವಿರ್ಪಿ ಹಲಗೆಯನ್ನು ತಿರುಗಿಸಿ ನೋಡಿದಳು. ಬಗ್ಗಿಸಿ ನೋಡಿದಳು. ಕಾಲುಪಟ್ಟಿಯ ಕೋನ ನೋಡಿದಳು. ಕೊನೆಗೆ ಮೀನಿನ ಮೂತಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಡನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ, ಹಲಗೆ ಹೆಗಲಿಗೇರಿಸಿ ಮೇಲೆ ಹೋದಳು.

ಮೂರನೇ ಸರದಿಯಲ್ಲಿ ಅವಳು ಇಳಿದು ಬಂದ ಚಂದವೇ ಬೇರೆ. ಹಾರಿ ಕಂಬಿಯ ಮೇಲೆ ನಿಂತಳು, ಬೆಣ್ಣೆ ಸವರಿದ ಹಾಗೆ ಜಾರಿದಳು, ನಡುವೆ ಅರ್ಧ ತಿರುಗಿದಳು, ಬೆನ್ನು ಮುಂದಾಗಿಯೇ ಜಾರಿ, ಇನ್ನರ್ಧ ತಿರುಗಿ ಹಿಮಕ್ಕಿಳಿದು ನೇರ ನಿಂತಳು. ಗುಡ್ಡ ಹೋ ಎಂದಿತು. ಬೇಡಬೇಡವೆಂದರೂ ಇಲ್ಪೊನ ಕಣ್ಣು ತುಂಬಿ ಬಂತು. ಇಂಥ ಹೆಂಡತಿಯನ್ನು ಬಿಟ್ಟು ಎರಡು ಚಳಿಗಾಲ ಮೀನು ನೋಡಿದೆನಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಭಾನುವಾರ ಭಾನುವಾರವೇ.

ಮೊದಲ ಸ್ಥಾನ ವಿರ್ಪಿಗೆ. ಅವಳು ಓಡಿ ಬಂದು ಅವನ ಕೊರಳಿಗೆ ಜೋತುಬಿದ್ದಳು. "ಗೆದ್ದೆ ಕಣೋ! ನೀನೂ ಗೆದ್ದೆ. ಭಾನುವಾರ ಪೂರ್ತಿ ನಿಂದು."

ಇಲ್ಪೊ ಎದೆಯುಬ್ಬಿಸಿ ಸುತ್ತಲೂ ನೋಡಿದ. ಹದಿನೆಂಟು ವರ್ಷದಲ್ಲಿ ಅವನು ಇಷ್ಟು ಎತ್ತರ ಎಂದೂ ಇರಲಿಲ್ಲ.

ರೀಕ್ಕ ಮೈಕ್ ಹಿಡಿದಳು. "ಇಲ್ಲೀವರೆಗೂ ಬಹುಮಾನ ಏನು ಅಂತ ಗುಟ್ಟಾಗಿಟ್ಟಿದ್ವಿ. ಪ್ರತಿ ಬೇಸಿಗೆ ಗಂಡಸರು ನಮ್ಮನ್ನ ತೂಗಿ ಬಿಯರ್ ಗೆಲ್ತಾರೆ. ಚಳಿಗಾಲದಲ್ಲಿ ತೂಗೋದು ನಾವು! ಗೆದ್ದೋಳಿಗೆ ಅವಳ ಗಂಡನ ತೂಕದಷ್ಟು ಕಾಫಿಪುಡಿ!"

ಎಸ್ಕೊನ ಹಳೆಯ ತಕ್ಕಡಿ ಬಂತು. ಇಲ್ಪೊ ನಗುನಗುತ್ತಲೇ ಹತ್ತಿದ. ಇವತ್ತು ಯಾರು ಏನು ತೂಗಿದರೂ ಅವನಿಗೆ ಬೇಜಾರಿಲ್ಲ.

"ತೊಂಬತ್ತೆಂಟು" ಎಂದ ಎಸ್ಕೊ. "ನಾಲ್ಕು ಕಳೆದೆ. ತೊಂಬತ್ನಾಲ್ಕು."

"ನಾಲ್ಕು ಯಾಕೆ ಎಸ್ಕೊ ಅಣ್ಣ?" ಎಂದಳು ವಿರ್ಪಿ.

"ಬಾಣಲೆ. ನಿಮ್ಮನೆಯವರನ್ನ ತೂಗಿದಾಗೆಲ್ಲ ಕಳೀತೀನಿ ಇನ್ಮೇಲೆ."

ಜನ ಬಿದ್ದು ಬಿದ್ದು ನಕ್ಕರು. ವಿರ್ಪಿ ಕೆಂಪು ಕೆನ್ನೆಯ ತುಂಬ ಖುಷಿ ಹೊತ್ತು ಮೈಕ್ ತೆಗೆದುಕೊಂಡಳು. "ಈ ಗೆಲುವು ನನ್ನೊಬ್ಬಳದಲ್ಲ. ಎಸ್ಕೊ ಅಣ್ಣಂದು, ತೌನೊ ಅಣ್ಣಂದು, ಹಿಮದಲ್ಲಿ ಬಿದ್ದ ನಮ್ಮಮ್ಮಂದು. ಇಷ್ಟು ಕಾಫಿ ನಾವಿಬ್ರೇ ಕುಡಿಯೋಕಾಗುತ್ತಾ? ಮುಗಿಯೋವರೆಗೂ ಪ್ರತಿ ಭಾನುವಾರ ಊರಿಗೆಲ್ಲ ನಮ್ಮನೇಲೇ ಕಾಫಿ! ಇಲ್ಪೊ ಮಾಡ್ತಾನೆ. ಭಾನುವಾರ ಅವನಿಗೆ ಪೂರ್ತಿ ಬಿಡುವು, ಇವತ್ತೇ ಗೆದ್ಕೊಂಡಿದಾನೆ!"

ಗುಡ್ಡ ಮತ್ತೊಮ್ಮೆ ಹೋ ಎಂದಿತು, ಈ ಸಲ ಇಲ್ಪೊನ ಹೆಸರು ಹಿಡಿದು. ಯಾರೋ ಬೆನ್ನು ತಟ್ಟಿದರು. ತನಗೆ ಹಾಲು ಜಾಸ್ತಿ ಇರಬೇಕು ಎಂದು ಅತ್ತೆ ಈಗಲೇ ಹೇಳಿಟ್ಟಳು.

ಎಸ್ಕೊ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ. "ಊರಿಗೆಲ್ಲ ಅಂದ್ರೆ ವಾರಕ್ಕೆ ಎರಡು ಕಿಲೋ. ನಲವತ್ತೇಳು ಭಾನುವಾರ ಆಯ್ತು ತಮ್ಮಾ."

ಇಲ್ಪೊ ತಕ್ಕಡಿಯ ಮೇಲೆ ನಿಂತಲ್ಲಿಂದಲೇ ದೂರದ ಸರೋವರವನ್ನು ನೋಡಿದ, ಆಮೇಲೆ ತಲೆ ತಗ್ಗಿಸಿ ತನ್ನ ಹೊಟ್ಟೆಯನ್ನು ನೋಡಿದ. ಬೆಳಿಗ್ಗೆ ಎರಡನೇ ತಟ್ಟೆ ಗಂಜಿ ತಿನ್ನದಿದ್ದರೆ ಅರ್ಧ ಭಾನುವಾರವಾದರೂ ಉಳಿಯುತ್ತಿತ್ತು.